ಟಿಜೆ ಸೀಟೂ ನಮ್ಮೂರ ಲ್ಯಾಬೂ

ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಏಳನೇ ಎಂಟನೇ ಕ್ಲಾಸಿನ ಮಕ್ಕಳಿರುವ ನಮ್ಮವರ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಟಿಜೆ ಮಾತು ಬರುತ್ತದೆ. ಟಿಜೆ ಅಂದರೆ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ವಿಜ್ಞಾನ, ತಂತ್ರಜ್ಞಾನ ಹೈಸ್ಕೂಲು. ಇಲ್ಲಿ ಮನೆ ಯಾವ ಬಡಾವಣೆಯಲ್ಲಿದೆಯೋ ಅಲ್ಲಿಯ ಸರ್ಕಾರಿ ಶಾಲೆಗೇ ಮಗು ಹೋಗಬೇಕು. ಟಿಜೆ ಮ್ಯಾಗ್ನೆಟ್ ಶಾಲೆ, ಅಂದರೆ ಒಂದು ವಿಷಯಕ್ಕೆಂದೇ ದೂರದ ಮಕ್ಕಳನ್ನೂ ಆಯ್ದು ಸೇರಿಸಿಕೊಳ್ಳುವ ಸರ್ಕಾರಿ ಶಾಲೆ. ಅದಕ್ಕೆ ಆ ಗಡಿ ಇಲ್ಲ. ಲೌಡನ್, ಪ್ರಿನ್ಸ್ ವಿಲಿಯಂ ಕೌಂಟಿಗಳ ಕಡೆಯ ಮಕ್ಕಳೂ ನಸುಕಿನಲ್ಲೇ ಹಳದಿ ಬಸ್ಸು ಹತ್ತಿ ಟಿಜೆಗೆ ಬರುತ್ತಾರೆ.

ಹಾಸನದ ಕಡೆಯವನಾದ ನನಗೆ ಇದು ಅರ್ಥವಾಗಲು ನಮ್ಮ ನವೋದಯ ವಿದ್ಯಾಲಯವನ್ನು ನೆನೆಸಿಕೊಂಡರೆ ಸಾಕಾಯಿತು. ಓರಗೆಯವೂ ಹೌದು: ಟಿಜೆ ಶುರುವಾದದ್ದು 1985ರಲ್ಲಿ, ಮೊದಲ ಎರಡು ನವೋದಯಗಳು ತೆರೆದದ್ದು 1985–86ರಲ್ಲಿ. ಎರಡೂ ಸರ್ಕಾರದವು, ಎರಡಕ್ಕೂ ಆಯ್ಕೆ ಉಂಟು.

ಆ ಆಯ್ಕೆಯೇ ಜಗಳದ ಮೂಲ. ಮೊದಲು ಟಿಜೆಗೆ 100 ಡಾಲರ್ ಕಟ್ಟಿ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಕೋಚಿಂಗ್ ಬೇರೆ. ದಿನಸಿ ಅಂಗಡಿಯ ಪಕ್ಕದ ಒಂದು ಮಹಡಿಗೆ ಪ್ರತಿ ಶನಿವಾರ ಮಗಳನ್ನು ಬಿಟ್ಟು ಬಂದು, ಕಾರಿನಲ್ಲೇ ಕೂತು ನಿದ್ದೆ ತೂಗಿದವರಲ್ಲಿ ನಾನೂ ಒಬ್ಬ. ಎರಡು ವರ್ಷ ಹಾಗೆ ಹೋಯಿತು. ಅವಳು ಎಂಟನೇ ಕ್ಲಾಸಿಗೆ ಬಂದಳು, ಅದೇ 2020ರಲ್ಲಿ ಪರೀಕ್ಷೆಯನ್ನೇ ತೆಗೆದುಹಾಕಿದರು! ಫೀಸೂ ಹೋಯಿತು. ಪ್ರತಿ ಮಿಡಲ್ ಸ್ಕೂಲಿನ ಎಂಟನೇ ತರಗತಿಯ ಶೇ. 1.5ರಷ್ಟು ಮಕ್ಕಳಿಗೆ ಸೀಟು ಮೀಸಲು, ಉಳಿದದ್ದಕ್ಕೆ ಅಂಕ, ಪ್ರಬಂಧ, ಮನೆಯ ಸ್ಥಿತಿಗತಿ ಎಲ್ಲ ಲೆಕ್ಕಕ್ಕೆ. ಏಷ್ಯನ್ ಮಕ್ಕಳ ಪಾಲು ಶೇ. 73ರಿಂದ 54ಕ್ಕೆ ಇಳಿಯಿತು. ಪಾಲಕರ ಗುಂಪೊಂದು ಕೋರ್ಟಿಗೆ ಹೋಗಿ ಕೆಳಹಂತದಲ್ಲಿ ಗೆದ್ದು 2023ರಲ್ಲಿ ಮೇಲ್ಮನವಿಯಲ್ಲಿ ಸೋತಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ನನ್ನ ಮಗಳಿಗೆ ಸೀಟು ಸಿಗಲಿಲ್ಲ. ವಾಟ್ಸಾಪಿನಲ್ಲಿ ಅನ್ಯಾಯ, ಅನ್ಯಾಯ ಅಂತ ನಾನೂ ಕೂಗಿದೆ. ಊರಿಗೆ ಫೋನು ಮಾಡಿ ತಮ್ಮನ ಹತ್ತಿರ ತೋಡಿಕೊಂಡರೆ ಅವನು ನಕ್ಕ. "ಅಲ್ಲ ಕಣಣ್ಣ, ನಾನು ನವೋದಯಕ್ಕೆ ಹೋಗಿದ್ದು ಹೆಂಗೆ? ಹಳ್ಳಿ ಕೋಟಾದಲ್ಲಿ ತಾನೆ?" ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ. ಆಗ ಇಡೀ ಮನೆಯವರು ಅದನ್ನು ನ್ಯಾಯ ಅಂತಲೇ ಕರೆದಿದ್ದೆವು, ಅಮ್ಮ ಕೇರಿಗೆಲ್ಲ ಸಕ್ಕರೆ ಹಂಚಿದ್ದಳು. ಅವತ್ತಿಂದ ವಾಟ್ಸಾಪಿನಲ್ಲಿ ನಾನು ಸ್ವಲ್ಪ ಮೆತ್ತಗೆ. ಆದರೂ ಪರೀಕ್ಷೆಯನ್ನು ಬುಡಸಮೇತ ಕಿತ್ತದ್ದು ಈಗಲೂ ನನಗೆ ಒಪ್ಪಿಗೆಯಿಲ್ಲ. ನವೋದಯ ಪರೀಕ್ಷೆಯನ್ನೂ ಇಟ್ಟುಕೊಂಡಿತು, ಹಳ್ಳಿಯನ್ನೂ ಇಟ್ಟುಕೊಂಡಿತು. ಇವರಿಗೂ ಅದು ಆಗದ ಕೆಲಸವಾಗಿರಲಿಲ್ಲ.

ನನಗೆ ಬೇಜಾರು ಬೇರೆ ಕಡೆ. ನಾವು ಇಷ್ಟೆಲ್ಲ ಬಡಿದಾಡುವುದು ಸೀಟಿಗೆ. ಸೀಟು ಸಿಕ್ಕ ಮೇಲೆ ಒಳಗೆ ಏನು ನಡೆಯುತ್ತದೆ ಅಂತ ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ. ಅಲ್ಲಿ ಹನ್ನೆರಡನೇ ಕ್ಲಾಸಿನವರು ಖಗೋಳ, ಸಾಗರ, ನರವಿಜ್ಞಾನ, ರೋಬಾಟಿಕ್ಸ್ ಹೀಗೆ ಯಾವುದೋ ಒಂದು ಲ್ಯಾಬು ಹಿಡಿದು, ಇಲ್ಲವೇ ಹೊರಗಿನ ಸಂಶೋಧಕರ ಕೈಕೆಳಗೆ, ತಮ್ಮದೇ ಪ್ರಶ್ನೆಯ ಬೆನ್ನು ಹತ್ತಬೇಕು. ಮಕ್ಕಳೇ ಕಟ್ಟಿದ ಹತ್ತು ಸೆಂಟಿಮೀಟರಿನ ಪೆಟ್ಟಿಗೆಯಷ್ಟು ಉಪಗ್ರಹ 2013ರ ನವೆಂಬರಿನಲ್ಲಿ ವಾಲಪ್ಸ್ ದ್ವೀಪದಿಂದ ಹಾರಿತು. ಅದಕ್ಕೆ ಏಳು ವರ್ಷ ಹಿಡಿದಿತ್ತು. ಶುರು ಮಾಡಿದ ಮಕ್ಕಳು ಹಾರಿಸುವ ಹೊತ್ತಿಗೆ ಶಾಲೆ ಮುಗಿಸಿ ಹೋಗಿದ್ದರು.

ನಮ್ಮ ಪಿಯುಸಿ ಲ್ಯಾಬು ನೆನಪಾಗುತ್ತದೆ. ಸರಳ ಲೋಲಕ ತೂಗಿಬಿಟ್ಟು, ಇಪ್ಪತ್ತು ಆಂದೋಲನ ಎಣಿಸಿ, ಗುರುತ್ವದ ಜಿ ಬೆಲೆ 8.6 ಬಂದರೆ ಮೊದಲು ಎರೇಸರ್ ಹುಡುಕುತ್ತಿದ್ದೆವು. 9.8 ಗೊತ್ತಿತ್ತಲ್ಲ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದರೆ ರೆಕಾರ್ಡಿಗೆ ಸಹಿ. ಕೊಟ್ಟ ಲವಣ ಯಾವುದೆಂದು ಕಂಡುಹಿಡಿಯುವ ಸಾಲ್ಟ್ ಅನಾಲಿಸಿಸ್ ದಿನ ಅಟೆಂಡರ್ ಟ್ರೇ ಇಡುವಾಗ "ನೈಟ್ರೇಟು" ಅಂತ ಗೊಣಗಿ ಹೋಗುತ್ತಿದ್ದರು. ನೈಟ್ರೇಟಿನ ಗುರುತಾದ ಬ್ರೌನ್ ರಿಂಗ್ ಕಾಣಿಸದಿದ್ದರೂ ಕಂಡಿತೆಂದು ಬರೆದೆ. ಹತ್ತಕ್ಕೆ ಹತ್ತು. ಆ ಹತ್ತೂ ಸೇರಿ ನನ್ನನ್ನು ಇಂಜಿನಿಯರ್ ಮಾಡಿದವು, ದೂರುವಂತಿಲ್ಲ.

ಪಕ್ಕದ ಬೀದಿಯ ಮಂಡ್ಯದವರ ಹುಡುಗ ಈಗ ಟಿಜೆಯ ಕೊನೇ ವರ್ಷ. ಹೋದ ವಾರ ಬಸ್ ಸ್ಟಾಪಿನಲ್ಲಿ ಸಿಕ್ಕ. ಸೆನ್ಸರ್ ಇಟ್ಟು ಹೊಳೆ ನೀರಿನಲ್ಲಿ ಏನೋ ಅಳೆಯುತ್ತಿದ್ದಾನೆ, ನಾಲ್ಕು ತಿಂಗಳಾಯಿತು.

"ಏನಪ್ಪ, ಬಂತಾ ರಿಸಲ್ಟು?"

"ಇಲ್ಲ ಅಂಕಲ್, ಬರ್ಲೇ ಇಲ್ಲ. ಯಾಕೆ ಬರ್ಲಿಲ್ಲ ಅಂತ ಬರೀತಿದೀನಿ," ಅಂದವನೇ ಬಸ್ಸು ಹತ್ತಿದ.