ಆ ಸ್ಪೀಕರ್ ಮನೆಯಲ್ಲೇ ಬಿಟ್ಟು ಬನ್ನಿ

ನಿನ್ನೆ ಬೆಟ್ಟ ಇಳಿದು ಬಂದವನಿಗೆ ಸಿಟ್ಟು ಇನ್ನೂ ಇಳಿದಿಲ್ಲ. ಮೂರು ಗಂಟೆ ಕಾಡುಹಾದಿ ಹತ್ತಿ ತುದಿಯ ಬಂಡೆ ಮೇಲೆ ಕೂತಿದ್ದೆ. ಏದುಸಿರು ತಣ್ಣಗಾದ ಮೇಲೆ ಒಂದೊಂದೇ ಸದ್ದು ಕಿವಿಗೆ ಬೀಳತೊಡಗಿತು. ಮೊದಲು ಗಾಳಿ, ಆಮೇಲೆ ಕೆಳಗೆಲ್ಲೋ ಹರಿಯುವ ನೀರು, ಅದರಾಚೆ ಒಂದೇ ಒಂದು ಹಕ್ಕಿ. ಅಷ್ಟರಲ್ಲಿ ನಾಲ್ವರು ಹುಡುಗರು ಬಂದು ಬ್ಯಾಗಿನಿಂದ ಬ್ಲೂಟೂತ್ ಸ್ಪೀಕರ್ ತೆಗೆದರು. ಮುಗೀತು.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಅಪ್ಪಟ ಪೇಟೆಯವನು. ವಾಹನಗಳ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಮೊದಲ ಸಲ ಕಾಡಂಚಿನಲ್ಲಿ ಉಳಿದಾಗ ಆ ಮೌನಕ್ಕೆ ಹೆದರಿ ಬೆಳಗಿನವರೆಗೂ ಎದ್ದು ಕೂತಿದ್ದೆ. ಈಗ ಎರಡು ತಿಂಗಳಿಗೊಮ್ಮೆಯಾದರೂ ಹೋಗದಿದ್ದರೆ ಯಾರ ಜೊತೆಗೂ ನೆಟ್ಟಗೆ ಮಾತಾಡಲಾರೆ. ರಸ್ತೆ ಮುಗಿದು ಮೊಬೈಲ್ ಸಿಗ್ನಲ್ ಹೋದಲ್ಲಿಂದ ನನಗೆ ಉಸಿರಾಟ ಶುರುವಾಗುತ್ತದೆ.

‘ಕಾಡೇನು ನಿಮ್ಮಪ್ಪಂದಾ? ಅವರವರ ಖುಷಿ ಅವರಿಗೆ’ ಅನ್ನುವವರಿದ್ದೀರಿ. ನನ್ನದಲ್ಲ, ಒಪ್ಪಿದೆ. ಸ್ಪೀಕರ್ ತಂದವರದ್ದೂ ಅಲ್ಲವಲ್ಲ! ಹಾಡು ಬೇಕಿದ್ದರೆ ಇಯರ್‌ಫೋನ್ ಇದೆ. ಇಡೀ ಕಣಿವೆಗೆ ಯಾಕೆ ಕೇಳಿಸಬೇಕು?

ನನಗಾದರೂ ಎದ್ದು ಬರುವ ದಾರಿಯಿತ್ತು. ಅಲ್ಲೇ ಬದುಕುವವರು ಎಲ್ಲಿಗೆ ಹೋಗಬೇಕು? ಕಣಜ ಗೂಬೆ ಕಗ್ಗತ್ತಲಲ್ಲಿ ಬರೀ ಸದ್ದು ಹಿಡಿದೇ ಇಲಿಯ ಮೇಲೆರಗುತ್ತದೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಹಾಡನ್ನು ವಿಜ್ಞಾನಿಗಳು ಅಳೆದು 2003ರಲ್ಲಿ ಪ್ರಕಟಿಸಿದರು. ಗದ್ದಲ ಹೆಚ್ಚಿದ್ದ ಜಾಗದ ಹಕ್ಕಿಗಳು ತಗ್ಗಿನ ಸ್ವರಗಳನ್ನು ಬಿಟ್ಟು ಏರುಸ್ವರದಲ್ಲಿ ಹಾಡುತ್ತಿದ್ದವು. ಪೇಟೆಯಲ್ಲಿ ಅವುಗಳ ದನಿಯನ್ನೇ ಬದಲಿಸಿದ್ದೇವೆ, ಕಾಡಿನಲ್ಲೂ ಅದೇ ಆಗಬೇಕೆ?

ಅಮೆರಿಕದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಎಂಬ ಮಳೆಕಾಡಿನಲ್ಲಿ, ಪ್ರಕೃತಿಯ ಸದ್ದುಗಳನ್ನು ಧ್ವನಿಮುದ್ರಿಸುವ ಗಾರ್ಡನ್ ಹೆಂಪ್ಟನ್ 2005ರಲ್ಲಿ ಪಾಚಿ ಹಿಡಿದ ಮರದ ದಿಮ್ಮಿಯ ಮೇಲೆ ಒಂದು ಕೆಂಪು ಕಲ್ಲಿಟ್ಟರು. ಆ ಕಲ್ಲಿರುವ ಒಂದೇ ಒಂದು ಚದರ ಇಂಚು ಜಾಗದಲ್ಲಿ ಮನುಷ್ಯರ ಸದ್ದು ಕೇಳದಂತೆ ಕಾಯುವುದು ಅವರ ಸಂಕಲ್ಪ. ಸದ್ದು ಬಹುದೂರ ಸಾಗುವುದರಿಂದ, ಅಷ್ಟು ಚಿಕ್ಕ ಜಾಗ ಕಾಯಬೇಕೆಂದರೂ ಸುತ್ತಲ ಮೈಲಿಗಟ್ಟಲೆ ಕಾಡು ಸುಮ್ಮನಿರಬೇಕು. ಆ ಕಲ್ಲಿನ ಬಗ್ಗೆ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ನಿನ್ನೆ ಆ ಹುಡುಗರಿಗೆ ‘ದಯವಿಟ್ಟು ಆಫ್ ಮಾಡ್ರಪ್ಪ’ ಅಂದೆ. ‘ಸ್ವಲ್ಪ ಕಡಿಮೆ ಮಾಡ್ತೀವಿ ಅಂಕಲ್’ ಅಂದರು. ಗದರಲು ಬಾಯಿ ಬರಲಿಲ್ಲ. ಯಾಕೆಂದರೆ ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಕಾಡಿನ ತೊರೆಯ ಪಕ್ಕ ಸ್ಪೀಕರ್ ಹಚ್ಚಿದವನು ನಾನೇ. ಅಲ್ಲಿ ಒಬ್ಬರೇ ಕೂತಿದ್ದ ವಯಸ್ಸಾದ ಹೆಂಗಸು ಒಂದು ಮಾತೂ ಆಡದೆ ಚೀಲ ಎತ್ತಿಕೊಂಡು ಹೊರಟುಬಿಟ್ಟಿದ್ದರು. ಅವರು ಯಾಕೆ ಹೋದರೆಂದು ಅವತ್ತು ಯೋಚಿಸಲೂ ಇಲ್ಲ.

ನಾನೂ ಚೀಲ ಎತ್ತಿಕೊಂಡೆ. ಹಕ್ಕಿಯ ದನಿ ಮತ್ತೆ ಕೇಳಿಸಿದ್ದು ಅರ್ಧ ದಾರಿ ಇಳಿದ ಮೇಲೆ.