ಇದೂ ಒಂದು ಸಂಶೋಧನೆಯಾ ಮಾರಾಯ್ರೆ?

ನಿನ್ನೆ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಮದುವೆ ಊಟ. ಹೋಳಿಗೆಗೆ ಕಾಯಿಹಾಲು ಬೀಳುವ ಹೊತ್ತಿಗೆ ಎದುರು ಪಂಕ್ತಿಯ ದೊಡ್ಡ ಮನುಷ್ಯರೊಬ್ಬರು ನನ್ನ ತಂಗಿಯ ಮಗಳನ್ನು ಕೇಳಿದರು, "ಪಿಎಚ್‌ಡಿ ಎಂತದರಲ್ಲಿ?" ಅವಳು ಹೇಳಿದಳು. ಯಕ್ಷಗಾನದ ಹಾಸ್ಯದ ತುಣುಕುಗಳು ವಾಟ್ಸಾಪಿನಲ್ಲಿ ಓಡಾಡುವುದರ ಬಗ್ಗೆ. ಯಾರು ಕತ್ತರಿಸುತ್ತಾರೆ, ಯಾರು ಕಳಿಸುತ್ತಾರೆ, ಇಡೀ ರಾತ್ರಿಯ ಆಟಕ್ಕೆ ಬಾರದವರು ಆ ಎರಡು ನಿಮಿಷದಲ್ಲಿ ಎಂತ ಕಾಣುತ್ತಾರೆ, ಇಂಥದ್ದು. ಅವರು ಬಾಳೆಲೆಯಿಂದ ತಲೆ ಎತ್ತಿ, "ಇದೂ ಒಂದು ಸಂಶೋಧನೆಯಾ?" ಅಂತ ನಕ್ಕರು. ಪಂಕ್ತಿಯೂ ನಕ್ಕಿತು. ಪಾಪ, ಅವಳೂ ನಕ್ಕಳು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಸಕ್ಕರೆ ಕಾಯಿಲೆಯವನಿಗೆ ಅದು ಒಳ್ಳೆಯದೇ ಆಯ್ತು ಅನ್ನಿ.

ಅವರ ಮಗ ಔಷಧ ಕಂಪೆನಿಯಲ್ಲಿ ರಿಸರ್ಚ್ ಮಾಡುತ್ತಾನಂತೆ. ಅದು ಸಂಶೋಧನೆ. ಬಿಳಿ ಕೋಟು, ಇಲಿ, ಸೂಜಿ. ಉಳಿದದ್ದೆಲ್ಲ ಟೈಂಪಾಸ್!

ಮಂಜೇಶ್ವರ ಇಲ್ಲಿಂದ ಬಹಳ ದೂರ ಏನಿಲ್ಲ. ಗೋವಿಂದ ಪೈಗಳು ಅಲ್ಲಿ ಕೂತು ತಲೆ ಕೆಡಿಸಿಕೊಂಡ ಸಂಗತಿಗಳಲ್ಲಿ ಒಂದು ಗ್ರೀಕ್ ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆ ಕಸದ ರಾಶಿಯಲ್ಲಿ ಸಿಕ್ಕಿದ ಪಪೈರಸ್, ಎರಡನೇ ಶತಮಾನದ್ದು. ಭಾರತದ ಕಡಲ ಕರೆಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣು, ಬಿಡಿಸಲು ಬರುವವರು, ಜೊತೆಗೆ ಒಬ್ಬ ಹಾಸ್ಯಗಾರ. ಅವನ ಮುಖ್ಯ ಆಯುಧ ಎಂತದು ಗೊತ್ತುಂಟಾ? ಹೂಸು. ಹೌದು, ಅದೇ. ಅಲ್ಲಿಯ ರಾಜನ ಕಡೆಯವರು ಆಡುವ ಮಾತು ಕನ್ನಡವೋ ಅಲ್ಲವೋ ಅಂತ ವಿದ್ವಾಂಸರು ಜಗಳಾಡಿದ್ದು ಇಂಥ ನಾಟಕದ ಮೇಲೆ. ನಿನ್ನೆಯ ಪಂಕ್ತಿಯಲ್ಲಿ ಪೈಗಳು ಕೂತಿದ್ದರೆ ಅವರಿಗೂ ಇದೇ ಪ್ರಶ್ನೆ ಬೀಳುತ್ತಿತ್ತು, ಅಲ್ವಾ?

ಸರಿ, ಬಿಳಿ ಕೋಟಿಗೇ ಬರೋಣ. ಇಲ್ಲೇ ಕಾಸರಗೋಡಿನ ಪಡ್ರೆ ಊರಿನ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಮೊದಲು ಕಂಡದ್ದು ಯಾರಿಗೆ? ಕಾಲು ಸೊಟ್ಟಗಿನ ಕರು ಹುಟ್ಟಿದ್ದನ್ನು ನೋಡಿದ ಕೃಷಿಕರಿಗೆ. ಅದನ್ನು ಬರೆದವರು ಕೃಷಿ ಪತ್ರಕರ್ತ ಶ್ರೀಪಡ್ರೆ. ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಅಂತ ನಿದ್ದೆಗೆಟ್ಟವರು ಅಲ್ಲಿಯ ವೈದ್ಯ ಮೋಹನಕುಮಾರ್. ದೈವದ ಮುನಿಸು ಅಂತ ಹೇಳುವವರೂ ಇದ್ದರು. ಆ ಮಾತನ್ನು ಮೂಢನಂಬಿಕೆ ಅಂತ ಬಿಸಾಡದೆ, ಯಾರ ಮನೆಯಲ್ಲಿ ಹೇಳುತ್ತಾರೆ, ಯಾವ ವರ್ಷದಿಂದ ಹೇಳುತ್ತಾರೆ ಅಂತ ಕೇಳಿದರೆ ಅದು ಸಂಸ್ಕೃತಿಯ ಅಧ್ಯಯನವೋ, ವೈದ್ಯಕೀಯವೋ? ನೀವೇ ಹೇಳಿ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ತೋಟದ ಬುಡದ ಊರಿನ 117 ಹುಡುಗರು, ಸ್ಪ್ರೇ ಕಾಣದ ಊರಿನ 90 ಹುಡುಗರು. ಹೋಲಿಸಿ ನೋಡಿದರು. ಸ್ಪ್ರೇ ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದೇ ತಡವಾಗುತ್ತಿದೆ ಅಂತ 2003ರಲ್ಲಿ ಪ್ರಕಟವಾಯಿತು. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಇಲಿಗಿಂತ ಮೊದಲು ಕರು, ಕರುವಿನ ಜೊತೆಗೆ ಊರಿನ ಮಾತು. ಸಾಲು ಹೀಗೆ ಉಂಟು.

ಇಷ್ಟು ಜೋರಾಗಿ ಬರೆಯುತ್ತಿದ್ದೇನಲ್ಲ, ಒಂದು ವಿಷಯ ಒಪ್ಪಿಕೊಳ್ಳಬೇಕು. ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಬಿ.ಎಡ್. ಮುಗಿಸಿದ ಹುಡುಗಿಯೊಬ್ಬಳು ನನ್ನ ಗಣಿತ ಕ್ಲಾಸಿಗೆ ಬಂದಿದ್ದಳು. ಮಕ್ಕಳು ಲೆಕ್ಕ ಮಾಡುವಾಗ ಬಾಯೊಳಗೆ ಯಾವ ಭಾಷೆಯಲ್ಲಿ ಎಣಿಸುತ್ತಾರೆ ಅಂತ ಬರೆದುಕೊಳ್ಳಬೇಕಂತೆ. ನಮ್ಮದು ಕನ್ನಡ ಮೀಡಿಯಂ. ಬೆಂಚಿನಲ್ಲಿ ಕೂತವರ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ. "ಏಳೆಂಟ್ಲಿ ಐವತ್ತಾರು, ಯಾವ ಭಾಷೆಯಲ್ಲಾದರೂ ಐವತ್ತಾರೇ" ಅಂತ ಹೇಳಿ ಕಳಿಸಿಬಿಟ್ಟೆ. ಸ್ಟಾಫ್ ರೂಮು ನಕ್ಕಿತು. ಥೇಟ್ ನಿನ್ನೆಯ ನಗು. ಅದೇ ವರ್ಷ ಒಂದು ದಿನ ಹಿಂದಿನ ಬೆಂಚಿನ ಹುಡುಗ ಬೆರಳು ಮಡಚುತ್ತಾ ತುಳುವಿನಲ್ಲಿ "ಒಂಜಿ, ರಡ್ಡ್, ಮೂಜಿ" ಅನ್ನುವುದು ಕಿವಿಗೆ ಬಿತ್ತು. ಸರಿಯಾಗಿಯೇ ಮಾಡಿದ್ದ. ಬೋರ್ಡಿನ ಹತ್ತಿರ ಕರೆದರೆ ಮೂಕ.

ಈಗ ಕೇರಳದ ಈ ಮೂಲೆಯ ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದರು ಅಂತ ಧರಣಿ ಕೂರುತ್ತೇವೆ. ನಾನೂ ಕೂತಿದ್ದೇನೆ, ಫೋಟೋ ಹಾಕಿದ್ದೆ, ನೋಡಿದ್ದೀರಿ. "ಮಕ್ಕಳಿಗೆ ಎಷ್ಟು ನಷ್ಟ ಆಯ್ತು, ತೋರಿಸಿ" ಅಂತ ಕೇಳಿದರೆ ನಮ್ಮಲ್ಲಿ ಘೋಷಣೆ ಉಂಟು, ಕಾಗದ ಇಲ್ಲ. ಅಂಥ ಒಂದು ಕಾಗದವನ್ನು ಗೇಟಿನ ಹೊರಗೆ ಕಳಿಸಿದವನು ನಾನೇ.

ಕೆಲವರು ಈಗ ಬರುತ್ತೀರಿ ಅಂತ ಗೊತ್ತು. ಕಾಪಿ ಹೊಡೆದ ಥೀಸಿಸ್ ಎಷ್ಟಿಲ್ಲ, "ಒಂದು ಅಧ್ಯಯನ" ಅಂತ ಬಾಲ ಹಚ್ಚಿದರೆ ಪ್ರಮೋಷನ್ ಸಿಗುವುದಿಲ್ಲವಾ ಅಂತ. ಸಿಗುತ್ತದೆ. ನಾನೂ ಅಂಥದ್ದನ್ನು ಓದಿದ್ದೇನೆ, ನಾಲ್ಕನೇ ಪುಟದಲ್ಲಿ ನಿದ್ದೆ ಬಂದಿದೆ. ಕಳ್ಳ ಡಾಕ್ಟರರಿದ್ದಾರೆ ಅಂತ ಯಾರೂ ಆಸ್ಪತ್ರೆ ಮುಚ್ಚಿ ಅನ್ನುವುದಿಲ್ಲವಲ್ಲ. ಆ ಮಾತು ಅಲ್ಲಿಗೆ ಬಿಡಿ.

ಊಟ ಆಗಿ ಕೈತೊಳೆದ ಮೇಲಿನ ಗಮ್ಮತ್ತು ಕೇಳಿ. ಅದೇ ದೊಡ್ಡ ಮನುಷ್ಯರು ವೀಳ್ಯ ಜಗಿಯುತ್ತಾ ಫೋನ್ ತೆಗೆದು ನಾಲ್ಕು ಜನರಿಗೆ ಒಂದು ಯಕ್ಷಗಾನದ ಹಾಸ್ಯ ತೋರಿಸಿ ಹೊಟ್ಟೆ ಹಿಡಿದು ನಗುತ್ತಿದ್ದರು. ತಂಗಿಯ ಮಗಳು ಮೆಲ್ಲಗೆ ಹೋಗಿ, "ಮಾವ, ಇದು ನಿಮಗೆ ಯಾವ ಗ್ರೂಪಿನಿಂದ ಬಂತು?" ಅಂತ ಕೇಳಿದಳು. ಅವರು ಖುಷಿಯಲ್ಲಿ ಗ್ರೂಪಿನ ಹೆಸರು, ಕಳಿಸಿದವರು, ತಾನು ಯಾರ್ಯಾರಿಗೆ ದಾಟಿಸಿದೆ, ಎಲ್ಲ ಹೇಳಿದರು. ಅವಳು ಮದುವೆ ಕಾಗದದ ಹಿಂಬದಿಯಲ್ಲಿ ಬರೆದುಕೊಂಡಳು.

ರಾತ್ರಿ ಅವಳದ್ದೇ ಫೋನು. ನನ್ನ ಹಳೆ ಮೇಳಗಳ ಹ್ಯಾಂಡ್‌ಬಿಲ್‌ಗಳು ಬೇಕಂತೆ, ಎಷ್ಟು ಗಂಟೆಯ ಆಟ, ಹಾಸ್ಯಕ್ಕೆ ಯಾರು ಅಂತ ನೋಡಲಿಕ್ಕೆ. ಅಟ್ಟದ ಟ್ರಂಕಿನಲ್ಲಿ ಉಂಟು, ಗೆದ್ದಲು ಬಿಟ್ಟಿದ್ದರೆ. ನಾಳೆ ಬೆಳಗ್ಗೆ ಏಣಿ ಇಡಬೇಕು. ನಿಮ್ಮಲ್ಲೂ ಇದ್ದರೆ ಗುಜರಿಗೆ ಕೊಡಬೇಡಿ, ನನಗೊಂದು ಮೆಸೇಜ್ ಹಾಕಿ.