ಸೀಟು ಸಿಕ್ಕಿದೆ, ಕೂರುವುದು ನಿಮ್ಮ ಜವಾಬ್ದಾರಿ

ಮೈಸೂರಿನ ಕಾಲೇಜೊಂದರಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನಗೆ ಆಕ್ಯುಪೇಷನಲ್ ಥೆರಪಿಸ್ಟರ ನೆರವು ಬೇಕೆಂದು ಅರ್ಜಿ ಕೊಟ್ಟಳು. ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿಯಿಂದ, ಬೆರಳು ಬಿಗಿದುಕೊಳ್ಳುವ ಅವಳಿಗೆ ಅರ್ಧ ಪುಟ ಬರೆಯುವಷ್ಟರಲ್ಲಿ ಮಣಿಕಟ್ಟು ಸೋತುಹೋಗುತ್ತದೆ. ಆಕ್ಯುಪೇಷನ್ ಎಂದರೆ ಉದ್ಯೋಗವೆಂದು ನಿಘಂಟು ತೆರೆದು ಖಚಿತಪಡಿಸಿಕೊಂಡ ಕಚೇರಿಯವರು ಕಡತವನ್ನು ನೇರವಾಗಿ ಪ್ಲೇಸ್‌ಮೆಂಟ್ ಅಧಿಕಾರಿಯ ಮೇಜಿಗೆ ಕಳುಹಿಸಿದರು. 'ಅಭ್ಯರ್ಥಿಯು ಅಂತಿಮ ವರ್ಷಕ್ಕೆ ಬಂದ ಬಳಿಕ ಪರಿಶೀಲಿಸಬಹುದು' ಎಂಬ ಷರಾದೊಂದಿಗೆ ಅದು ಹಿಂದಿರುಗಿತು. 1965ರಿಂದ ವಾಕ್ ಶ್ರವಣ ಸಂಸ್ಥೆಯನ್ನು ಇಟ್ಟುಕೊಂಡಿರುವ ಊರು ನಮ್ಮದು. ಕಚೇರಿಗಳ ಕಿವಿ ಮಾತ್ರ ಇನ್ನೂ ತಪಾಸಣೆಗೆ ಹೋದಂತಿಲ್ಲ.

ಆಕ್ಯುಪೇಷನಲ್ ಥೆರಪಿಯೆಂಬ ವಿದ್ಯೆಯಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿಯಷ್ಟೇ ಅಲ್ಲ, ಮನುಷ್ಯನ ದಿನವನ್ನು ತುಂಬುವ ಕೆಲಸಗಳೆಲ್ಲವೂ ಹೌದು: ಜಡೆ ಹೆಣೆದುಕೊಳ್ಳುವುದು, ಬುತ್ತಿಯ ಮುಚ್ಚಳ ತೆಗೆಯುವುದು, ಮೂರು ತರಗತಿ ಮುಗಿದ ಮೇಲೂ ನಾಲ್ಕನೆಯದಕ್ಕೆ ಕಸುವು ಉಳಿಸಿಕೊಳ್ಳುವುದು. ಬಲ್ಲವರೊಬ್ಬರು ಬಂದು ಅವಳು ಕೂರುವ ಭಂಗಿಯನ್ನೂ ಮೇಜಿನ ಎತ್ತರವನ್ನೂ ನೋಡಿದ್ದರೆ, ಓರೆಯಾದ ಬರೆಯುವ ಹಲಗೆ, ದಪ್ಪ ಹಿಡಿಕೆಯ ಪೆನ್ನು, ನಡುನಡುವೆ ಕೈಗೆ ವಿಶ್ರಾಂತಿ, ಸಾಲದಿದ್ದರೆ ಆಡಿದ್ದನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಎಂದು ಏನಾದರೊಂದು ದಾರಿ ತೋರಿಸುತ್ತಿದ್ದರು.

ಕಾಲೇಜು ಕೈಕಟ್ಟಿ ಕುಳಿತಿದೆ ಎಂದು ಯಾರೂ ಆಡಿಕೊಳ್ಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಡಬೇಕೆಂದಿತು; ಸೀಟು ಕೊಟ್ಟಾಗಿದೆ, ಆ ಸೀಟು ಎಷ್ಟು ಎತ್ತರವಿರಬೇಕೆಂದು ಪ್ರವೇಶ ಪತ್ರದಲ್ಲಿ ಯಾರೂ ಕೇಳಿರಲಿಲ್ಲವಷ್ಟೆ. ಇಳಿಜಾರು ದಾರಿಯೂ ಆಗಿದೆ. 1 ಅಡಿ ಏರಿಗೆ 12 ಅಡಿ ಉದ್ದ ಬೇಕೆಂಬುದು ಮಾನದಂಡ. 2 ಅಡಿ ಜಗಲಿಗೆ 8 ಅಡಿಯಲ್ಲೇ ಕೆಲಸ ಮುಗಿಸಿ ಸಿಮೆಂಟು ಉಳಿಸಿದ್ದಾರೆ. ಉದ್ಘಾಟನೆಗೆ ಬಂದ ಗಣ್ಯರು ಎರಡು ಕಾಲೂ ನೆಟ್ಟಗಿದ್ದರೂ ಇಬ್ಬರ ಹೆಗಲು ಹಿಡಿದೇ ಇಳಿದರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೇ ವಾಸಿ, ಅಲ್ಲಿ ನಡುವೆ ನಂದಿಯಾದರೂ ಇದೆ.

ಹುಡುಗಿ ಕೊನೆಗೆ ಸೈಕಲ್ ಅಂಗಡಿಯಿಂದ ಹ್ಯಾಂಡಲಿನ ಸ್ಪಂಜು ತಂದು, ಗೇಣುದ್ದ ಕತ್ತರಿಸಿ ಪೆನ್ನಿಗೆ ತೊಡಿಸಿಕೊಂಡಳು. ಒಂದೂವರೆ ಪುಟ ಸರಾಗವಾಗಿ ಬಂತು. ಪರೀಕ್ಷೆಯ ದಿನ ಮೇಲ್ವಿಚಾರಕರು ಅದನ್ನು ಹಿಂಡಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಕೊನೆಗೆ ಬ್ಲೇಡಿನಿಂದ ಸೀಳಿ ನೋಡಿದರು. ಒಳಗೆ ಚೀಟಿಯಿರಲಿಲ್ಲ, ಪೆನ್ನಿತ್ತು. ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪರೀಕ್ಷೆಗೆ ಅವಳಿಗೆ ಒಂದು ಗಂಟೆ ಹೆಚ್ಚುವರಿ ಸಮಯವಿತ್ತಾದ್ದರಿಂದ, ಈ ಶೋಧನೆಗೆ ತಗುಲಿದ ಹೊತ್ತನ್ನು ಅದರಲ್ಲೇ ಹೊಂದಿಸಿಕೊಳ್ಳಲಾಯಿತು.

ಮೊನ್ನೆ ಪ್ಲೇಸ್‌ಮೆಂಟ್ ವಿಭಾಗದಿಂದ ಅವಳಿಗೊಂದು ಪತ್ರ ಬಂದಿದೆ. ವಿಶೇಷ ಪ್ರಕರಣವೆಂದು ಪರಿಗಣಿಸಿ ಅವಳನ್ನು ಈ ವರ್ಷವೇ ಉದ್ಯೋಗ ಮೇಳಕ್ಕೆ ಆಹ್ವಾನಿಸಲಾಗಿದೆ. ಬರುವಾಗ ಸ್ವಹಸ್ತದಲ್ಲಿ ಬರೆದ ಸ್ವವಿವರದ ಮೂರು ಪ್ರತಿಗಳನ್ನು ತರತಕ್ಕದ್ದು.